ಚಾರ್ಜರ್ ಎಂಬ ಬೇಲಿ

ಹೊಸ ಫೋನು ಕೊಂಡೆಯಂತೆ, ಸಂತೋಷ. ಕೊಳ್ಳುವ ಮುಂಚೆ ತಿಂಗಳು ಪೂರ್ತಿ ತಲೆ ಕೆಡಿಸಿಕೊಂಡಿದ್ದೆ ಅಂತಲೂ ಕೇಳಿದೆ. ಕ್ಯಾಮೆರಾ ಹೇಗೆ, ಪರದೆ ಎಷ್ಟಗಲ, ಬಣ್ಣ ಯಾವುದು ಅಂತ ಹತ್ತು ಜನರನ್ನು ವಿಚಾರಿಸಿದೆ, ಇಪ್ಪತ್ತು ವಿಡಿಯೊ ನೋಡಿದೆ. ಒಳ್ಳೆಯ ಗುಣ. ಆದರೆ ಡಬ್ಬಿ ಬಿಚ್ಚಿದರೆ ಒಳಗೆ ಚಾರ್ಜರೇ ಇರಲಿಲ್ಲ. 2020ರ ಅಕ್ಟೋಬರಿನಲ್ಲಿ ಆ್ಯಪಲ್‌ನವರು ಹಾಕಿಕೊಟ್ಟ ಪದ್ಧತಿ ಅದು, ಆಮೇಲೆ ಬೇರೆ ಕಂಪನಿಗಳೂ ಹಿಡಿದವು. ಆಗ ನೀನೇನು ಮಾಡಿದೆ? ಬಸ್‌ಸ್ಟ್ಯಾಂಡಿನ ಹೊರಗೆ ತಳ್ಳುಗಾಡಿಯಲ್ಲಿ ತೂಗುಹಾಕಿದ್ದ ಚಾರ್ಜರ್ ಒಂದನ್ನು ನೂರೈವತ್ತು ರೂಪಾಯಿ ಕೊಟ್ಟು, ಕಂಡಕ್ಟರ್ ರೈಟ್ ಅನ್ನುವುದರೊಳಗೆ ಕಿತ್ತುಕೊಂಡು ಬಸ್ಸು ಹತ್ತಿದೆ. ಆನೆ ಕೊಳ್ಳಲು ತಿಂಗಳು ಬೇಕಾಯಿತು, ಅಂಕುಶಕ್ಕೆ ಅರ್ಧ ನಿಮಿಷ ಸಾಕಾಯಿತು.

ಬೈಯುವುದಿಲ್ಲ, ಕೂತುಕೋ. ನಲವತ್ತು ವರ್ಷ ತಿಪಟೂರಿನಲ್ಲಿ ರಿಪೇರಿ ಅಂಗಡಿ ನಡೆಸಿದವನು ನಾನು. ರೇಡಿಯೊದಿಂದ ಶುರುವಾಯಿತು, ಟೇಪ್‌ರೆಕಾರ್ಡರ್ ಬಂತು, ಟಿ.ವಿ. ಬಂತು, ಕಡೆಗೆ ಮೊಬೈಲು ಬಂದು ಉಳಿದವನ್ನೆಲ್ಲ ನುಂಗಿತು. ನಮ್ಮ ಕಾಲದಲ್ಲಿ ಎಲಿಮಿನೇಟರ್ ಅಂತ ಒಂದಿತ್ತು. ಸೆಲ್ಲಿನ ರೇಡಿಯೊಗೆ ಕರೆಂಟು ಕೊಡುವ ಕಪ್ಪು ಪೆಟ್ಟಿಗೆ. ಒಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್, ಕೈಯಲ್ಲಿ ಹಿಡಿದರೆ ತೆಂಗಿನಕಾಯಿ ಹಿಡಿದಂತೆ ಭಾರ. ಮೇಲೊಂದು ತಿರುಗಿಸುವ ಗುಂಡಿ: 3, 4.5, 6, 9, 12 ಅಂತ. ಆರು ವೋಲ್ಟಿನ ರೇಡಿಯೊಗೆ ಗುಂಡಿಯನ್ನು ಹನ್ನೆರಡಕ್ಕೆ ತಿರುಗಿಸಿ ಸುಟ್ಟುಕೊಂಡು ಬರುವವರು ಯಾವಾಗಲೂ ಇದ್ದರು. ಯಾಕಪ್ಪಾ ಹೀಗೆ ಮಾಡಿದೆ ಅಂದರೆ, ಸೌಂಡು ಸ್ವಲ್ಪ ಜಾಸ್ತಿ ಬರಲಿ ಅಂತ, ಅನ್ನುತ್ತಿದ್ದರು. ಅದು ಆ ಕಾಲದ ಅವಸರ. ನಿನ್ನ ಕಾಲದ ಅವಸರಕ್ಕೆ ಫಾಸ್ಟ್ ಚಾರ್ಜಿಂಗ್ ಅಂತ ಹೆಸರು.

ಮೊದಲು ಒಂದು ವಿಷಯ ತಲೆಗೆ ಹೋಗಲಿ. ಚಾರ್ಜರ್ ಅಂದರೆ ವೈರಿನ ತುದಿಗೆ ಹಾಕಿದ ಗಂಟಲ್ಲ. ಅದು ಬೇಲಿ. ಗೋಡೆಯ ಸಾಕೆಟ್ಟಿನಲ್ಲಿ ಕೂತಿರುವುದು 230 ವೋಲ್ಟು. ನಿನ್ನ ಫೋನಿನ ಬ್ಯಾಟರಿ ಪೂರ್ತಿ ತುಂಬಿದರೂ ನಾಲ್ಕು ಚಿಲ್ಲರೆ ವೋಲ್ಟು. ಚಾರ್ಜರಿನೊಳಗೆ ಹೊಕ್ಕ ಕೂಡಲೇ ಆ 230ರ ಎ.ಸಿ. ಕರೆಂಟು ಡಿ.ಸಿ. ಆಗಿ ಸುಮಾರು 325 ವೋಲ್ಟಿಗೆ ಏರಿ ನಿಲ್ಲುತ್ತದೆ. ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಬೆರಳ ತುದಿಯಷ್ಟು ಪುಟ್ಟ ಟ್ರಾನ್ಸ್‌ಫಾರ್ಮರಿನಲ್ಲಿ ದಾಟಿಸಿ, ಐದು ವೋಲ್ಟಿಗೆ ಇಳಿಸುತ್ತಾರೆ. ಹೀಗೆ ಕತ್ತರಿಸುವ ಉಪಾಯ ಬಂದಿದ್ದರಿಂದಲೇ ಕಬ್ಬಿಣದ ಭಾರ ಹೋಗಿ ಚಾರ್ಜರ್ ಅಂಗೈಯಲ್ಲಿ ಅಡಗುವಷ್ಟಾಯಿತು. ಸಂತೋಷವೇ. ಆದರೆ ಪ್ರಾಣ ತೆಗೆಯುವ ಕರೆಂಟೂ ನಿನ್ನ ಕೈಗೆ ಬರುವ ಕರೆಂಟೂ ಆ ಪುಟ್ಟ ಡಬ್ಬಿಯಲ್ಲಿ ಪಕ್ಕಪಕ್ಕದಲ್ಲೇ ಇವೆ. ನಡುವೆ ಇರುವುದು ತಂತಿಯ ಮೇಲಿನ ತೆಳು ಹೊದಿಕೆ, ಒಂದೆರಡು ಸುತ್ತು ಟೇಪು, ಬೋರ್ಡಿನ ಮೇಲೆ ಖಾಲಿ ಬಿಟ್ಟ ಒಂದು ಪಟ್ಟಿ. ಬೇಲಿ ಅಂದರೆ ಅಷ್ಟೇ.

ಒಳ್ಳೆಯ ಚಾರ್ಜರ್ ಬಿಚ್ಚಿದರೆ ಆ ಖಾಲಿ ಪಟ್ಟಿ ಐದಾರು ಮಿಲಿಮೀಟರ್ ಅಗಲ ಇರುತ್ತದೆ. ಎಷ್ಟೋ ಸಲ ಅಲ್ಲಿ ಬೋರ್ಡನ್ನೇ ಸೀಳಿ ಸಂದು ಬಿಟ್ಟಿರುತ್ತಾರೆ. ಸುರುಳಿಯ ಮೇಲೆ ಹಳದಿ ಟೇಪು ಬಿಗಿಯಾಗಿ ಸುತ್ತಿರುತ್ತದೆ. ಕರೆಂಟು ಒಳಬರುವ ಬಾಗಿಲಲ್ಲೇ ಒಂದು ಫ್ಯೂಸು. ಈಗ ತಳ್ಳುಗಾಡಿಯದು. ಅಂಥವನ್ನು ಎಷ್ಟು ಬಿಚ್ಚಿದ್ದೇನೋ ಲೆಕ್ಕವಿಲ್ಲ. ಖಾಲಿ ಪಟ್ಟಿ ಉಗುರಿನ ದಪ್ಪ. ಫ್ಯೂಸಿಲ್ಲ. ಟೇಪಿದ್ದರೆ ಒಂದು ಸುತ್ತು. ಗೋಡೆಯ ಕರೆಂಟಿನ ಕಡೆಗೂ ಫೋನಿನ ಕಡೆಗೂ ಸೇತುವೆಯಂತೆ ಕೂರುವ ಒಂದು ಕೆಪಾಸಿಟರ್ ಇದೆ, ಅದಕ್ಕೆ ಅಂತಲೇ ವಿಶೇಷ ಜಾತಿಯದು ಬರುತ್ತದೆ, ಕೆಟ್ಟರೂ ಶಾರ್ಟ್ ಆಗದಂಥದ್ದು. ಅಗ್ಗದ ಚಾರ್ಜರಿನಲ್ಲಿ ಆ ಜಾಗದಲ್ಲಿ ಎರಡಾಣೆಯ ಸಾಧಾರಣ ಕೆಪಾಸಿಟರ್ ಬೆಸೆದಿರುತ್ತಾರೆ. ಒಂದು ದಿನ ಅದು ಶಾರ್ಟ್ ಆಯಿತು ಅನ್ನು. ಗೋಡೆಯಲ್ಲಿರುವ ಕರೆಂಟು ವೈರಿನ ಗುಂಟ ನಡೆದು ಬಂದು ನೇರ ನಿನ್ನ ಕಿವಿಗೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದು.

ನಾನೊಬ್ಬನೇ ಹೇಳುವ ಮಾತಲ್ಲ ಇದು. 2016ರಲ್ಲಿ ಅಮೆರಿಕದ ಯು.ಎಲ್. ಎಂಬ ಪರೀಕ್ಷಾ ಸಂಸ್ಥೆ ಆ್ಯಪಲ್ ಹೆಸರು ಹೊತ್ತ 400 ನಕಲಿ ಚಾರ್ಜರುಗಳನ್ನು ತಂದು ಪರೀಕ್ಷೆಗೆ ಹಚ್ಚಿತು. ನೂರಕ್ಕೆ ತೊಂಬತ್ತೊಂಬತ್ತು ಫೇಲು. ಹನ್ನೆರಡಂತೂ ಮುಟ್ಟಿದವರ ಜೀವಕ್ಕೇ ಅಪಾಯ ಒಡ್ಡುವಂಥವು.

ಇನ್ನೊಂದು ಮಾತು ನೋವಿನಿಂದಲೇ ಹೇಳುತ್ತೇನೆ. 2023ರ ಆಗಸ್ಟಿನಲ್ಲಿ ನಮ್ಮ ಕಾರವಾರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎಂಟು ತಿಂಗಳ ಕೂಸು ತೀರಿಕೊಂಡಿತು. ಫೋನು ತೆಗೆದುಕೊಂಡಿದ್ದರು, ಸ್ವಿಚ್ಚು ಆರಿಸಿರಲಿಲ್ಲ. ನೇತಾಡುತ್ತಿದ್ದ ವೈರಿನ ತುದಿಯನ್ನು ಕೂಸು ಬಾಯಿಗೆ ಇಟ್ಟುಕೊಂಡಿತು. ಆ ವಯಸ್ಸಿನ ಮಕ್ಕಳಿಗೆ ಜಗತ್ತೆಲ್ಲ ಬಾಯಿಯ ಮೂಲಕವೇ ಪರಿಚಯ. ಸುದ್ದಿ ಓದಿದ ದಿನ ಮನೆಯ ಬೋರ್ಡುಗಳನ್ನೆಲ್ಲ ಸುತ್ತಿ ನೋಡಿದೆ. ನಮ್ಮ ಮನೆಯಲ್ಲೂ ಎರಡು ಕಡೆ ವೈರು ಹಾಗೇ ನೇತಾಡುತ್ತಿತ್ತು. ಅಂದಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ: ಮೊದಲು ಸ್ವಿಚ್ಚು, ಆಮೇಲೆ ಫೋನು, ಆಮೇಲೆ ವೈರು. ನೀನು ಬೇರೆ ಏನನ್ನು ಮರೆತರೂ ಚಿಂತೆಯಿಲ್ಲ, ಇದನ್ನು ಮರೆಯಬೇಡ. ನಿನ್ನ ಅಕ್ಕನ ಮಗು ಈಗ ಅಂಬೆಗಾಲಿಕ್ಕುತ್ತಿದೆ.

ಮೊನ್ನೆ ನೀನು ಕೇಳಿದೆ, ಲ್ಯಾಪ್‌ಟಾಪಿನ ಲೋಹದ ಮೈ ಸವರಿದರೆ ಜುಮ್ ಅನ್ನುತ್ತದೆ, ಇದು ಶಾಕಾ ಅಂತ. ಒಳ್ಳೆಯ ಪ್ರಶ್ನೆ. ಈಗ ಹೇಳಿದೆನಲ್ಲ ಸೇತುವೆಯ ಕೆಪಾಸಿಟರ್, ಅದರ ಮೂಲಕ ಬಲು ಸಣ್ಣ ಕರೆಂಟು ಜಿನುಗುತ್ತದೆ. ಒಳ್ಳೆಯ ಚಾರ್ಜರಿನಲ್ಲಿ ಅದು ಅಪಾಯದ ಮಟ್ಟಕ್ಕೆ ಬಾರದ ಹಾಗೆ ಅಳತೆ ಮಾಡಿ ಇಟ್ಟಿರುತ್ತಾರೆ. ಮೂರು ಪಿನ್ನಿನ ಪ್ಲಗ್ಗು ಹಾಕಿ, ಮನೆಯ ಅರ್ತಿಂಗ್ ಸರಿಯಿದ್ದರೆ ಆ ಜುಮ್ಮು ಸಾಮಾನ್ಯವಾಗಿ ನಿಂತೇ ಹೋಗುತ್ತದೆ. ಆದರೆ ಜುಮ್ಮು ಹೋಗಿ ಕೈ ಝಾಡಿಸುವ ಹಾಗೆ ಹೊಡೆಯಿತು ಅನ್ನು, ಆ ಚಾರ್ಜರಿಗೆ ಅದೇ ಕೊನೆಯ ದಿನ. ಇನ್ನೊಂದು ಸಲ ಹಾಕಿ ನೋಡೋಣ ಅನ್ನುವ ಮಾತು ಬೇಡ.

ಸರಿ, ಕೊಳ್ಳುವುದು ಹೇಗೆ? ನಿನ್ನ ಫೋನಿನ ಕ್ಯಾಮೆರಾ ಬಹಳ ಚೆನ್ನಾಗಿದೆ ಅಂದೆಯಲ್ಲ, ಅದರಲ್ಲಿ ಚಾರ್ಜರಿನ ಬೆನ್ನಿನ ಫೋಟೊ ಒಂದು ತೆಗೆ. ಅಲ್ಲಿ ಎಳ್ಳಿನಷ್ಟು ಚಿಕ್ಕ ಅಕ್ಷರದಲ್ಲಿ ಜಾತಕ ಬರೆದಿರುತ್ತಾರೆ. ದೊಡ್ಡದು ಮಾಡಿ ಓದು. ಇನ್‌ಪುಟ್ 100ರಿಂದ 240 ವೋಲ್ಟು, 50/60 ಹರ್ಟ್ಸ್ ಅಂತಿರಬೇಕು. ಔಟ್‌ಪುಟ್ ಎದುರು 5 ವೋಲ್ಟು 3 ಆಂಪಿಯರ್, 9 ವೋಲ್ಟು 2.22 ಆಂಪಿಯರ್ ಅಂತ ಏನಾದರೂ ಇರುತ್ತದೆ. ವೋಲ್ಟನ್ನೂ ಆಂಪಿಯರನ್ನೂ ಗುಣಿಸು, ವಾಟು ಸಿಗುತ್ತದೆ. ಒಂಬತ್ತನ್ನು 2.22ರಿಂದ ಗುಣಿಸಿದರೆ ಇಪ್ಪತ್ತು, ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ 20 ವಾಟು ಇದೇ. ಡಬ್ಬಿ 65 ಅಂದು ಬೆನ್ನಿನ ಲೆಕ್ಕ 10ಕ್ಕೆ ನಿಂತರೆ ಅಂಗಡಿಯವನ ಕೈಗೇ ವಾಪಸು ಕೊಡು. ಆಮೇಲೆ ಚೌಕದೊಳಗೊಂದು ಚೌಕದ ಗುರುತು ಹುಡುಕು. ಒಳಗೆ ಎರಡು ಪಟ್ಟು ಹೊದಿಕೆ ಇದೆ ಅನ್ನುವ ಸಾಕ್ಷಿ ಅದು, ಅರ್ತ್ ಇಲ್ಲದ ಎರಡು ಪಿನ್ನಿನ ಚಾರ್ಜರಿಗೆ ಬೇಕೇ ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಬಿಐಎಸ್ ಗುರುತು. ನಿನ್ನಜ್ಜಿ ಕುಕ್ಕರ್ ಕೊಳ್ಳುವಾಗ ಐಎಸ್‌ಐ ಮುದ್ರೆ ನೋಡದೆ ದುಡ್ಡು ಬಿಚ್ಚುವುದಿಲ್ಲ, ನೀನು ಕಂಡಿದ್ದೀಯ. ಎಲೆಕ್ಟ್ರಾನಿಕ್ ಸಾಮಾನಿಗೆ ಕಡ್ಡಾಯ ನೋಂದಣಿ ಅಂತ 2012ರಲ್ಲಿ ಕೇಂದ್ರ ಸರಕಾರ ಆದೇಶ ತಂತು. ಅಡಾಪ್ಟರುಗಳೂ ಪವರ್‌ಬ್ಯಾಂಕುಗಳೂ ಅದರೊಳಗೆ ಬರುತ್ತವೆ. ನೋಂದಣಿಯಾದ ಚಾರ್ಜರಿನ ಮೇಲೆ ಬಿಐಎಸ್ ಚಿಹ್ನೆ, ಐಎಸ್ ಎಂದು ಶುರುವಾಗುವ ಮಾನಕದ ಸಂಖ್ಯೆ, ಆರ್ ಅಕ್ಷರದ ಮುಂದೆ ಎಂಟು ಅಂಕಿಯ ನೋಂದಣಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಅಂತ ಸರಕಾರದ್ದೇ ಒಂದು ಆ್ಯಪ್ ಇದೆ. ಆ ಸಂಖ್ಯೆ ಹಾಕಿದರೆ ತಯಾರಕರು ಯಾರು, ಬ್ರ್ಯಾಂಡ್ ಯಾವುದು ಅಂತ ತೋರಿಸುತ್ತದೆ. ಚಾರ್ಜರಿನ ಮೇಲಿನ ಹೆಸರಿಗೂ ಅಲ್ಲಿ ಬರುವ ಹೆಸರಿಗೂ ತಾಳೆಯಾಗಬೇಕು. ನಕಲಿಯವನು ಇನ್ನೊಬ್ಬರ ಸಂಖ್ಯೆ ಕದ್ದು ಅಚ್ಚು ಹಾಕಿಸಬಲ್ಲ, ಅದಕ್ಕೇ ಈ ತಾಳೆ. ಒಂದು ನಿಮಿಷದ ಕೆಲಸ. ಅಂಗಡಿಯವನು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ಒರಿಜಿನಲ್ ಅಲ್ಲ ಸಾರ್, ಫಸ್ಟ್ ಕಾಪಿ, ಒಳಗೆಲ್ಲ ಅದೇ, ಅಂತಾನೆ. ಒಳಗೆ ಅದೇ ಇರುವುದಿಲ್ಲ ಮರಿ. ಹೊರಗಿನ ಪ್ಲಾಸ್ಟಿಕ್ಕು ಮಾತ್ರ ಅದೇ. ಬೆಂಗಳೂರಿನ ಎಲೆಕ್ಟ್ರಾನಿಕ್ ಪೇಟೆಯಾದ ಎಸ್.ಪಿ. ರೋಡಿಗೆ ಹೋದರೂ ಇದೇ ಮಾತು, ಅಲ್ಲಿ ಚಿನ್ನದಂಥ ಸಾಮಾನೂ ಸಿಗುತ್ತದೆ, ಕಸವೂ ಸಿಗುತ್ತದೆ. ಬಿಲ್ಲು ಕೇಳು. ಬಿಲ್ಲು ಕೊಡಲು ಹಿಂದೆಮುಂದೆ ನೋಡುವ ಅಂಗಡಿಯಲ್ಲಿ ಕರೆಂಟಿಗೆ ಸಂಬಂಧಿಸಿದ ಏನನ್ನೂ ಕೊಳ್ಳಬೇಡ.

65 ವಾಟಿನ ಲ್ಯಾಪ್‌ಟಾಪ್ ಚಾರ್ಜರಿಗೆ ಫೋನು ಹಾಕಿದರೆ ಸುಟ್ಟುಹೋಗುವುದಿಲ್ಲವೇ ಅಂತ ನಿನ್ನ ಅಮ್ಮ ಹೆದರಿದ್ದಳು. ಹೆದರಬೇಕಿಲ್ಲ. ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದೀಯ ಅಂದುಕೋ. ಬಡಿಸುವವನು ದೊಡ್ಡ ಕೊಳಗ ತಂದ ಅಂತ ನಿನ್ನ ಎಲೆ ತುಂಬಿ ಹರಿಯುತ್ತದೆಯೇ? ಸಾಕು ಅಂತ ನೀನು ಕೈ ಅಡ್ಡ ಹಿಡಿಯುತ್ತೀಯ. ಈಗಿನ ಟೈಪ್-ಸಿ ಚಾರ್ಜರ್ ಮೊದಲು ಐದೇ ವೋಲ್ಟು ಬಡಿಸುತ್ತದೆ. ಆಮೇಲೆ ಫೋನೂ ಚಾರ್ಜರೂ ಮಾತಾಡಿಕೊಳ್ಳುತ್ತವೆ. ನನಗೆ ಒಂಬತ್ತು ಬೇಕು ಅಂತ ಫೋನು ಕೇಳಿದರೆ ಮಾತ್ರ ಒಂಬತ್ತು. ಲ್ಯಾಪ್‌ಟಾಪ್ ಇಪ್ಪತ್ತು ಕೇಳಿದರೆ ಇಪ್ಪತ್ತು. ಪವರ್ ಡೆಲಿವರಿ ಅನ್ನುವ ಈ ಸಂಭಾಷಣೆಯ ಕ್ರಮದಲ್ಲಿ 2021ರಿಂದ 240 ವಾಟಿನವರೆಗೂ ಅವಕಾಶವಿದೆ. ಕೆಲವು ಕಂಪನಿಗಳಿಗೆ ತಮ್ಮದೇ ಗುಟ್ಟಿನ ಭಾಷೆ ಇದೆ, ಅವರ ಚಾರ್ಜರ್ ಅವರ ಫೋನಿಗೆ ಮಾತ್ರ ಓಡೋಡಿ ಬಡಿಸುತ್ತದೆ. ಬೇರೆ ಒಳ್ಳೆಯ ಚಾರ್ಜರ್ ಹಾಕಿದರೆ ನಿಧಾನವಾಗಿ ತುಂಬುತ್ತದೆ, ಕೆಡುವುದಿಲ್ಲ. ಆದ್ದರಿಂದ ಮನೆಗೊಂದು ದೊಡ್ಡ, ನಂಬಿಕಸ್ತ ಟೈಪ್-ಸಿ ಚಾರ್ಜರ್ ಕೊಂಡರೆ ಫೋನು, ಲ್ಯಾಪ್‌ಟಾಪು, ಕಿವಿಗೆ ಸಿಕ್ಕಿಸುವ ಬಡ್ಸು ಎಲ್ಲಕ್ಕೂ ಆಯಿತು. ಈಚೆಗೆ ಗ್ಯಾಲಿಯಂ ನೈಟ್ರೈಡಿನ ಚಾರ್ಜರುಗಳು ಬಂದಿವೆ, ಅಷ್ಟೇ ವಾಟಿಗೆ ಗಾತ್ರ ಚಿಕ್ಕದು, ಬಿಸಿ ಕಡಿಮೆ. 

ಆದರೆ ಕೇಳು, ಎಷ್ಟು ವೋಲ್ಟು ಬೇಕು ಅನ್ನುವ ಈ ಮಾತುಕತೆ ಟೈಪ್-ಸಿಯಂಥ ಚಾರ್ಜರುಗಳಿಗೆ ಮಾತ್ರ. ವೈಫೈ ರೂಟರು, ಸೆಟ್‌ಟಾಪ್ ಬಾಕ್ಸು, ಹಳೆಯ ಸ್ಪೀಕರು, ಇವುಗಳ ಗುಂಡು ಪಿನ್ನಿನ ಅಡಾಪ್ಟರಿಗೆ ಬಾಯಿಯೂ ಇಲ್ಲ ಕಿವಿಯೂ ಇಲ್ಲ. 12 ವೋಲ್ಟಿನದು ಯಾರೇ ಬಂದರೂ ಹನ್ನೆರಡನ್ನೇ ಸುರಿಯುತ್ತದೆ. ಪಿನ್ನು ಸರಿಯಾಗಿ ಕೂತಿತು ಅಂತ 9 ವೋಲ್ಟಿನ ರೂಟರಿಗೆ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟಿನದು ಹಾಕಿ, ವೈಫೈ ಬರ್ತಿಲ್ಲ ಅಂದು ನನ್ನ ಅಂಗಡಿಗೆ ಹೊತ್ತು ತಂದವರು ಬಹಳ ಜನ. ಹಳೆಯ ಎಲಿಮಿನೇಟರಿನ ಕತೆಯೇ ಮತ್ತೆ. ಇಲ್ಲಿ ವೋಲ್ಟು ಕರಾರುವಾಕ್ಕು ಹೊಂದಬೇಕು, ಆಂಪಿಯರ್ ಅಷ್ಟೇ ಇರಬೇಕು ಇಲ್ಲವೇ ಹೆಚ್ಚಿರಬೇಕು, ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅನ್ನುವ ಚಿತ್ರವೂ ಒಂದೇ ಇರಬೇಕು. ಮನೆಯ ಪ್ರತಿ ಅಡಾಪ್ಟರಿಗೂ ಒಂದು ಚೀಟಿ ಅಂಟಿಸಿ ಯಾವುದರದು ಅಂತ ಬರೆದಿಡು. ನೀನು ಬೆಂಗಳೂರಿಗೆ ವಾಪಸು ಹೋದಮೇಲೆ ಅಪ್ಪ ಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ.

ಕೇಬಲ್ ವಿಷಯಕ್ಕೆ ಬರೋಣ. ಹಿಂದೆ ನೋಕಿಯಾ ದಪ್ಪ ಪಿನ್ನು, ಸಣ್ಣ ಪಿನ್ನು ಅಂತ ಎರಡು ಇದ್ದವು. ಸಣ್ಣ ಪಿನ್ನಿನ ಚಾರ್ಜರ್ ಇದೆಯಾ ಅಂತ ಮದುವೆಮನೆಯಲ್ಲಿ ಜನ ಒಬ್ಬರನ್ನೊಬ್ಬರು ಕೇಳಿಕೊಂಡು ತಿರುಗುತ್ತಿದ್ದರು. ಈಗ ಎಲ್ಲರದೂ ಟೈಪ್-ಸಿ. 2023ರ ಸೆಪ್ಟೆಂಬರಿನಲ್ಲಿ ಐಫೋನೂ ಅದಕ್ಕೆ ಬಂತು. 2024ರ ಡಿಸೆಂಬರ್ 28ರಿಂದ ಐರೋಪ್ಯ ಒಕ್ಕೂಟದಲ್ಲಿ ಹೊಸ ಫೋನುಗಳಿಗೆಲ್ಲ ಅದೇ ಕಡ್ಡಾಯ. ಬಾಯಿ ಒಂದೇ ಆಯಿತು ಅಂತ ಮೈ ಮರೆಯಬೇಡ, ಒಳಗಿನ ತಂತಿ ಒಂದೇ ಅಲ್ಲ. ಎರಡೂ ತುದಿಗೆ ಟೈಪ್-ಸಿ ಇರುವ ಸಾಮಾನ್ಯ ಕೇಬಲ್ ಮೂರು ಆಂಪಿಯರಿನವರೆಗೆ, ಅಂದರೆ 60 ವಾಟಿನವರೆಗೆ ಹೊರುತ್ತದೆ. ಅದಕ್ಕಿಂತ ಹೆಚ್ಚಿಗೆ ಐದು ಆಂಪಿಯರಿನ ಕೇಬಲ್ಲೇ ಬೇಕು, ಅದರ ತುದಿಯಲ್ಲಿ ತಾನು ಎಷ್ಟು ಹೊರಬಲ್ಲೆ ಅಂತ ಹೇಳುವ ಒಂದು ಚಿಪ್ಪು ಇರುತ್ತದೆ.

ಕೇಬಲ್ ಸುಳ್ಳು ಹೇಳಿದರೆ ಏನಾಗುತ್ತದೆ ಗೊತ್ತೇ? ಬೆನ್ಸನ್ ಲ್ಯೂಂಗ್ ಅಂತ ಗೂಗಲ್‌ನ ಒಬ್ಬ ಎಂಜಿನಿಯರ್. ಟೈಪ್-ಸಿ ಹೊಸದಾಗಿದ್ದ 2015ರಲ್ಲಿ ಆನ್‌ಲೈನಿನಲ್ಲಿ ಸಿಗುವ ಕೇಬಲ್‌ಗಳನ್ನು ತನ್ನ ದುಡ್ಡಿನಲ್ಲೇ ಕೊಂಡು ಒಂದೊಂದಾಗಿ ಪರೀಕ್ಷೆ ಮಾಡಿ ಜನರಿಗೆ ತಿಳಿಸತೊಡಗಿದ. ಎಷ್ಟೋ ಕೇಬಲ್‌ಗಳಲ್ಲಿ 56 ಕಿಲೋಓಮ್‌ನ ರೆಸಿಸ್ಟರ್ ಇರಬೇಕಾದಲ್ಲಿ 10 ಕಿಲೋಓಮ್‌ನದು ಕೂತಿತ್ತು. ಅಂದರೆ ಚಾರ್ಜರ್ ತಡೆಯಲಾರದಷ್ಟು ಕರೆಂಟನ್ನು ಎಳೆದುಕೋ ಅಂತ ಫೋನಿಗೆ ತಪ್ಪು ಮಾತು ಹೇಳುತ್ತಿತ್ತು. 2016ರ ಫೆಬ್ರವರಿಯ ಹೊತ್ತಿಗೆ ಒಂದು ಕೇಬಲ್ ಸಿಕ್ಕಿತು. ಅದರಲ್ಲಿ ಪ್ಲಸ್ಸು ಮೈನಸ್ಸಿನ ತಂತಿಗಳೇ ಅದಲುಬದಲಾಗಿದ್ದವು. ಚುಚ್ಚಿದ ಕೂಡಲೇ ಆತನ ಲ್ಯಾಪ್‌ಟಾಪ್ ಕೆಟ್ಟಿತು. ಆ ಮನುಷ್ಯನಿಗೆ ನಾವೆಲ್ಲ ಋಣಿಗಳು, ಕೇಬಲ್ ತಯಾರಕರಿಗೆ ಆಮೇಲೆ ಸ್ವಲ್ಪ ಭಯ ಹುಟ್ಟಿತು. ನೀನು ಮಾಡಬೇಕಾದ್ದು ಸುಲಭ. ಕುತ್ತಿಗೆ ಹರಿದ ಕೇಬಲ್‌ಗೆ ಟೇಪು ಸುತ್ತಿ ಇನ್ನೊಂದು ತಿಂಗಳು ತಳ್ಳಬೇಡ. ಒಳಗಿನ ತಂತಿ ಒಂದಕ್ಕೊಂದು ತಾಗಿದರೆ ಬಿಸಿಯಾಗಿ ಪ್ಲಾಸ್ಟಿಕ್ಕು ಕರಗುತ್ತದೆ. ಎಳೆಯುವಾಗ ತಲೆ ಹಿಡಿದು ಎಳೆ, ಬಾಲ ಹಿಡಿದು ಜಗ್ಗಬೇಡ.

ನಿನ್ನ ಪಿಜಿಯ ಕೋಣೆಗೆ ಹೋದ ತಿಂಗಳು ಬಂದಿದ್ದೆನಲ್ಲ, ಅಲ್ಲಿ ಕಂಡದ್ದನ್ನು ಅಂದು ನಿನ್ನ ಗೆಳೆಯರೆದುರು ಹೇಳಲಿಲ್ಲ. ನಾಲ್ಕು ಮಂಚ, ಒಂದು ಸಾಕೆಟ್ಟು, ಅದಕ್ಕೊಂದು ಎಕ್ಸ್‌ಟೆನ್ಶನ್ ಬೋರ್ಡು, ಅದರ ಬೆನ್ನಿಗೆ ಇನ್ನೊಂದು. ಫೋನಿನ ಚಾರ್ಜರುಗಳು ಪಾಪ ಎಷ್ಟು ತಿನ್ನುತ್ತವೆ, ನಾಲ್ಕು ಸೇರಿದರೂ ಒಂದು ನೂರಿನ್ನೂರು ವಾಟು. ಆದರೆ ಅದೇ ಬೋರ್ಡಿಗೆ ನೀರು ಕಾಯಿಸುವ 1500 ವಾಟಿನ ಕೆಟಲ್ ಹಾಕಿದ್ದಿರಿ. ಆರು ಆಂಪಿಯರಿನ ಸಾಕೆಟ್ಟು 230ರ ಲೆಕ್ಕದಲ್ಲಿ 1380 ವಾಟಿಗೆ ಮುಗಿಯಿತು. ಬೋರ್ಡಿನ ಮೈ ಮುಟ್ಟಿ ನೋಡಿದೆ, ಕಾದಿತ್ತು. ಕೆಟಲ್‌ಗೂ ಇಸ್ತ್ರಿಪೆಟ್ಟಿಗೆಗೂ ಗೋಡೆಯ 16 ಆಂಪಿಯರಿನ ಸಾಕೆಟ್ಟೇ ಆಗಬೇಕು. ಬೋರ್ಡಿನ ಮೇಲೆ ಬೋರ್ಡು ಪೋಣಿಸಬೇಡಿ.

ಇನ್ನೊಂದು ನೋಡಿ ಎದೆ ಧಸಕ್ಕೆಂದಿತು. ಅಮೆರಿಕದಿಂದ ಅತ್ತೆ ತಂದ ಚಪ್ಪಟೆ ಪಿನ್ನಿನ ಚಾರ್ಜರನ್ನು ನಮ್ಮ ಮೂರು ತೂತಿನ ಸಾಕೆಟ್ಟಿಗೆ ತುರುಕಲು ನಿನ್ನ ಗೆಳೆಯ ಮೇಲಿನ ತೂತಿಗೆ ಬಾಲ್‌ಪೆನ್ನು ತೂರಿಸಿದ. ಆ ಮೇಲಿನ ತೂತು ಅರ್ತಿನದು. ನಮ್ಮ ಪ್ಲಗ್ಗಿನ ಅರ್ತ್ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಅದು ಮೊದಲು ಒಳಗೆ ಹೋಗಿ ಕೆಳಗಿನ ಎರಡು ತೂತುಗಳ ಬಾಗಿಲು ತೆರೆಯುತ್ತದೆ. ಮಕ್ಕಳು ಕಡ್ಡಿ ತೂರಿಸದಿರಲಿ ಅಂತ ಇಟ್ಟ ಬಾಗಿಲು ಅದು. ಪೆನ್ನು ತೂರಿಸಿ ಅದನ್ನು ತೆರೆದಿಟ್ಟಿರಿ. ಚಪ್ಪಟೆ ಪಿನ್ನು ಸಡಿಲವಾಗಿ ಕೂತು ಚಿಟಚಿಟ ಕಿಡಿ ಹಾರುತ್ತಿತ್ತು. ಆ ಚಾರ್ಜರ್ ಒಳ್ಳೆಯದೇ, 240 ವೋಲ್ಟಿನವರೆಗೂ ತಡೆಯುತ್ತದೆ, ಬೇಕಾದ್ದು ಪಿನ್ನು ಬದಲಿಸುವ ಒಂದು ಒಳ್ಳೆಯ ಕನ್ವರ್ಟರ್ ಪ್ಲಗ್ಗು. ಮತ್ತೆ ಪೆನ್ನು ಕೈಗೆತ್ತಿಕೊಂಡರೆ ಬರೆಯಲು ಎತ್ತಿಕೊಳ್ಳಿ.

ರಾತ್ರಿ ಫೋನನ್ನು ದಿಂಬಿನ ಕೆಳಗಿಟ್ಟು ಚಾರ್ಜಿಗೆ ಹಾಕಿ ಮಲಗುವ ನಿನ್ನ ಅಭ್ಯಾಸ ನನಗೆ ಗೊತ್ತು. ಲಿಥಿಯಂ ಬ್ಯಾಟರಿ ದೊಡ್ಡ ವಿದ್ಯೆ. ಅದನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಆದರೆ ಅದಕ್ಕೆ ಬಿಸಿ ಅಂದರೆ ಆಗದು. ಚಾರ್ಜ್ ಆಗುವಾಗ ಹೇಗೂ ಬೆಚ್ಚಗಾಗುತ್ತದೆ, ಮೇಲೆ ಹತ್ತಿಯ ದಿಂಬು ಹೊದಿಸಿದರೆ ಆ ಬಿಸಿ ಎಲ್ಲಿಗೆ ಹೋಗಬೇಕು? ಗಟ್ಟಿ ಮೇಜಿನ ಮೇಲೆ, ಗಾಳಿಯಾಡುವ ಕಡೆ ಇಡು. ಪ್ರತಿ ದಿನ ಪೂರ್ತಿ ನೂರಕ್ಕೆ ಏರಿಸಿ ಸೊನ್ನೆಗೆ ಇಳಿಸಬೇಕಿಲ್ಲ, ಇಪ್ಪತ್ತರಿಂದ ಎಂಬತ್ತರ ನಡುವೆ ಆಡಿಸಿದರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಈಗಿನ ಫೋನುಗಳಲ್ಲಿ ಎಂಬತ್ತಕ್ಕೆ ನಿಲ್ಲಿಸುವ ಸೆಟ್ಟಿಂಗೂ ಬಂದಿದೆ. ಯಾವತ್ತಾದರೂ ಬ್ಯಾಟರಿ ಪೂರಿಯಂತೆ ಉಬ್ಬಿ ಫೋನಿನ ಬೆನ್ನು ಎದ್ದರೆ, ಒತ್ತಿ ಕೂರಿಸಲು ಹೋಗಬೇಡ, ಚುಚ್ಚಬೇಡ, ಚಾರ್ಜಿಗೆ ಹಾಕಬೇಡ. ನೇರ ಬಲ್ಲವರ ಹತ್ತಿರ ಒಯ್ಯಿ. ಚಾರ್ಜರಿಗೆ ಬೆಂಕಿ ಹತ್ತಿದರೆ ಮೊದಲು ಮೇನ್ ಸ್ವಿಚ್ಚು ಆರಿಸು, ಕರೆಂಟಿರುವಾಗ ನೀರು ಎರಚಬೇಡ. ಬಚ್ಚಲುಮನೆಗೆ ಚಾರ್ಜರ್ ಒಯ್ಯುವ ಮಾತೇ ಬೇಡ, ಒದ್ದೆ ಕೈಯಲ್ಲಿ ಮುಟ್ಟುವ ಮಾತೂ ಬೇಡ.

ಊರಿಗೆ ಬಂದಾಗ ಇನ್ನೂ ಒಂದು ಎಚ್ಚರ. ಮಲೆನಾಡಿನ ನಿನ್ನ ಚಿಕ್ಕಮ್ಮನ ಮನೆಯಲ್ಲಿ ನೋಡಿದ್ದೀಯಲ್ಲ, ದೂರದಲ್ಲಿ ಗುಡುಗು ಕೇಳಿದ ಕೂಡಲೇ ಆಕೆ ಓಡಾಡಿ ಪ್ಲಗ್ಗುಗಳನ್ನೆಲ್ಲ ಕಿತ್ತಿಡುತ್ತಾಳೆ. ಸ್ವಿಚ್ಚು ಆರಿಸಿದರೆ ಸಾಲದೇ ಅಂತ ನೀನು ನಕ್ಕಿದ್ದೆ. ಸಾಲದು. ಸಿಡಿಲಿನ ಬಲದ ಮುಂದೆ ಸ್ವಿಚ್ಚಿನೊಳಗಿನ ಸಂದು ಏನೂ ಅಲ್ಲ. ಚಿಕ್ಕಮ್ಮನೇ ಸರಿ. ಇನ್ನು ನ್ಯೂಟ್ರಲ್ ಕಟ್ಟಾಗುವ ಕತೆ. ಕಂಬದ ಲೈನಿನಲ್ಲಿ ನ್ಯೂಟ್ರಲ್ ತಂತಿ ತುಂಡಾದರೆ ಕೆಲವು ಮನೆಗಳಿಗೆ 230ರ ಬದಲು 400ರ ಹತ್ತಿರದ ವೋಲ್ಟು ನುಗ್ಗುತ್ತದೆ. ಒಂದು ಬೆಳಗ್ಗೆ ನಾನು ಅಂಗಡಿ ಬಾಗಿಲು ತೆರೆಯುವ ಮುಂಚೆಯೇ ಒಂದೇ ಬೀದಿಯ ಜನ ಸಾಲಾಗಿ ನಿಂತಿದ್ದರು. ಕೈಯಲ್ಲಿ ಟಿ.ವಿ., ಸೆಟ್‌ಟಾಪ್ ಬಾಕ್ಸು, ಸುಟ್ಟ ಚಾರ್ಜರು. ಅವತ್ತು ಒಂದು ಗಮನಿಸಿದೆ. ಒಳ್ಳೆಯ ಚಾರ್ಜರುಗಳೂ ಸತ್ತಿದ್ದವು, ಆದರೆ ತಾವು ಸತ್ತು ಫೋನು ಉಳಿಸಿದ್ದವು. ಅಗ್ಗದವು ಫೋನನ್ನೂ ಜೊತೆಗೆ ಒಯ್ದಿದ್ದವು. ದೀಪ ಇದ್ದಕ್ಕಿದ್ದಂತೆ ಅತಿಯಾಗಿ ಉರಿದರೆ, ಫ್ಯಾನು ಹುಚ್ಚು ಹಿಡಿದಂತೆ ತಿರುಗಿದರೆ, ಯೋಚಿಸುತ್ತ ನಿಲ್ಲದೆ ಮೇನ್ ಆರಿಸಿ ಕರೆಂಟಿನವರ ಸಹಾಯವಾಣಿ 1912ಕ್ಕೆ ಫೋನು ಮಾಡು.

ಪವರ್‌ಬ್ಯಾಂಕಿಗೂ ಬಿಐಎಸ್ ಗುರುತು ನೋಡಿಯೇ ಕೊಳ್ಳು. ವಿಮಾನದಲ್ಲಿ ಹೋಗುವುದಾದರೆ ಕೈಚೀಲದಲ್ಲಿ ಇಟ್ಟುಕೋ, ಲಗೇಜಿಗೆ ಹಾಕುವಂತಿಲ್ಲ. 20,000 ಎಂಎಎಚ್‌ನದು 74 ವಾಟ್-ಅವರ್, ನೂರರ ಮಿತಿಯೊಳಗೇ ಬರುತ್ತದೆ. ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನಿನ ಬರಿಯ ಯುಎಸ್‌ಬಿ ತೂತಿಗೆ ಫೋನು ಹಾಕುವ ಬದಲು ನಿನ್ನ ಚಾರ್ಜರನ್ನೇ ಸಾಕೆಟ್ಟಿಗೆ ಹಾಕು. ಅಂಥ ತೂತಿನಿಂದ ಫೋನಿನ ಮಾಹಿತಿ ಕದಿಯಬಹುದು ಅಂತ ರಿಸರ್ವ್ ಬ್ಯಾಂಕು 2022ರ ಕೈಪಿಡಿಯಲ್ಲಿ ಎಚ್ಚರಿಸಿದೆ. ಇನ್ನು ಆ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವ ಯೋಚನೆ. ಕೊಳ್ಳು. ಅದರ ಬ್ಯಾಟರಿಯನ್ನು ಮಾತ್ರ ಮಲಗುವ ಕೋಣೆಗೆ ತಂದು ರಾತ್ರಿ ಚಾರ್ಜಿಗೆ ಹಾಕಬೇಡ, ಮನೆಯ ಬಾಗಿಲ ದಾರಿಯಲ್ಲಿ ಇಡಬೇಡ. ಕಂಪನಿ ಕೊಟ್ಟ ಚಾರ್ಜರ್ ಬಿಟ್ಟು ಬೇರೆಯದು ಅದಕ್ಕೆ ಬೇಡವೇ ಬೇಡ. ಓಡಿಸಿ ತಂದ ಬಿಸಿ ಆರಿದ ಮೇಲೆ ಹಾಕು.

ಆ ತಳ್ಳುಗಾಡಿಯ ಚಾರ್ಜರನ್ನು ನನ್ನ ಕೈಗೆ ಕೊಡು. ಬಿಚ್ಚಿ ಒಳಗೇನಿದೆ ಅಂತ ನಿನಗೇ ತೋರಿಸುತ್ತೇನೆ, ಆಮೇಲೆ ಇ-ತ್ಯಾಜ್ಯದವರಿಗೆ ಕೊಡೋಣ. ಹೊಸದಕ್ಕೆ ದುಡ್ಡು ನಾನು ಕೊಡುತ್ತೇನೆ. ಈಗ ಎದ್ದು ಮನೆಯೆಲ್ಲ ಒಂದು ಸುತ್ತು ಬಾ. ಫೋನಿಲ್ಲದೆ ನೇತಾಡುತ್ತಿರುವ ವೈರುಗಳ ಸ್ವಿಚ್ಚು ಆರಿಸಿ, ಸುತ್ತಿ, ಮಗುವಿನ ಕೈಗೆ ಎಟುಕದ ಕಡೆ ಇಟ್ಟು ಬಾ. ಟಿ.ವಿ.ಯ ಹಿಂದೆ ಒಂದಿದೆ, ದೇವರ ಮನೆಯ ಪಕ್ಕದ ಬೋರ್ಡಿನಲ್ಲಿ ಇನ್ನೊಂದಿದೆ.